ಆಫ್ ಮಾಡುವ ಮುಂಚೆ ಕೇಳಿ

ಕೇಳುಗರಿಗೆಲ್ಲ ನಮಸ್ಕಾರ.

ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡಿರುವವರು ಯಾರಿರಬಹುದು ಅಂತ ಯೋಚಿಸುತ್ತಲೇ ಬಂದೆ. ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳು. ಎಸ್ಟೇಟ್ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್‌ಗಳು. ಪಾಲಿಟೆಕ್ನಿಕ್‌ನಲ್ಲಿ ಓದುವ ಮಕ್ಕಳು. ನಿಮಗೆ ಒಂದೇ ಒಂದು ವಿಷಯ ಹೇಳಬೇಕು. ಓಡುತ್ತಿರುವ ಪ್ರೋಗ್ರಾಮನ್ನು ಆಫ್ ಮಾಡುವ ಮುಂಚೆ, ಅದನ್ನೇ ಒಂದು ಮಾತು ಕೇಳಿ.

ಕಂಪ್ಯೂಟರ್ ಸ್ವಲ್ಪ ಮೊಂಡು ಹಿಡಿದರೆ ನಮ್ಮ ಕೈ ಮೊದಲು ಹೋಗುವುದು ಸ್ವಿಚ್ಚಿಗೆ. ಅಲ್ವಾ? ಆಫ್ ಮಾಡಿ, ಆನ್ ಮಾಡಿ. ಆಫ್ ಮಾಡಿದ ಕೂಡಲೇ ಆ ಪ್ರೋಗ್ರಾಮಿನ ನೆನಪಿನಲ್ಲಿ ಇದ್ದದ್ದೆಲ್ಲ ಹೋಯಿತು. ಏನು ತೊಂದರೆಯಾಗಿತ್ತು ಅನ್ನುವ ಸುಳಿವೂ ಅದರ ಜೊತೆಗೇ ಹೋಯಿತು. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರಿನೊಳಗೆ ಒಂದು ಬಸ್ಸು ಓಡಾಡುತ್ತಿರುತ್ತದೆ. ಹೆಸರು ಡಿ-ಬಸ್. ನಮ್ಮ ಕೊಡಗಿನವರಿಗೆ ಇದನ್ನು ವಿವರಿಸುವುದು ಸುಲಭ. ಮಡಿಕೇರಿಯಿಂದ ಮೂರ್ನಾಡಿನ ಮೇಲೆ ನಾಪೋಕ್ಲಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಒಂದು ಚೀಟಿ ಕೊಡುತ್ತೇವೆ. 'ಇಂಥ ಅಂಗಡಿಯವರಿಗೆ ಕೊಡಿ, ಉತ್ತರ ಕೊಟ್ಟರೆ ವಾಪಸ್ ಬರುವಾಗ ತನ್ನಿ' ಅನ್ನುತ್ತೇವೆ. ನಾವು ನಾಪೋಕ್ಲಿಗೆ ಹೋಗಲಿಲ್ಲ. ಅಂಗಡಿಯವರು ಬಾಗಿಲು ಹಾಕಲಿಲ್ಲ. ಕೆಲಸ ಆಯಿತು. ಡಿ-ಬಸ್ ಮಾಡುವುದೂ ಇದನ್ನೇ. ಒಂದು ಪ್ರೋಗ್ರಾಮಿನ ಚೀಟಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ, ಉತ್ತರ ತಂದುಕೊಡುತ್ತದೆ. ಚೀಟಿಯ ಮೇಲೆ ಅಂಗಡಿಯ ಹೆಸರು ಬರೆದ ಹಾಗೆ ಇಲ್ಲಿ ಪ್ರೋಗ್ರಾಮಿನ ಹೆಸರು ಬರೆಯಬೇಕು. ಬ್ಯಾಟರಿ ನೋಡಿಕೊಳ್ಳುವ ಪ್ರೋಗ್ರಾಮಿನ ಹೆಸರು 'ಆರ್ಗ್ ಡಾಟ್ ಫ್ರೀಡೆಸ್ಕ್‌ಟಾಪ್ ಡಾಟ್ ಯುಪವರ್'. ಉದ್ದ ಇದೆ, ಹೆದರಬೇಡಿ. ನಮ್ಮ ಮನೆಗಳ ವಿಳಾಸ ಇದಕ್ಕಿಂತ ಉದ್ದ.

ಬಸ್ಸುಗಳು ಎರಡು ಥರ. ಒಂದು ಇಡೀ ಕಂಪ್ಯೂಟರಿಗೆ, ಅದು ಸಿಸ್ಟಮ್ ಬಸ್. ಇನ್ನೊಂದು ಲಾಗಿನ್ ಆದ ಒಬ್ಬೊಬ್ಬರಿಗೂ ಬೇರೆ ಬೇರೆ, ಅದು ಸೆಶನ್ ಬಸ್. 2002ರಲ್ಲಿ ರೆಡ್ ಹ್ಯಾಟ್ ಕಂಪನಿಯ ಹ್ಯಾವಕ್ ಪೆನ್ನಿಂಗ್ಟನ್ ಮತ್ತು ಜೊತೆಗಾರರು ಇದನ್ನು ಶುರು ಮಾಡಿದರು. 2006ರ ಕೊನೆಗೆ 1.0 ಆವೃತ್ತಿ ಬಂತು. ಲಿನಕ್ಸ್ ಪರದೆಯ ಕಿಟಕಿ, ಮೆನುಗಳನ್ನು ಮಾಡುವ ತಂಡಗಳಲ್ಲಿ ಅದಕ್ಕೂ ಮೊದಲು ಗ್ನೋಮ್‌ನವರದ್ದು ಒಂದು ದಾರಿ, ಕೆಡಿಇಯವರದ್ದು ಇನ್ನೊಂದು. ಈಗ ಎಲ್ಲರೂ ಒಂದೇ ಬಸ್ಸಿನಲ್ಲಿ ಇದ್ದಾರೆ. ಲಿನಕ್ಸ್‌ನಲ್ಲಿ ಐಬಸ್ ಅನ್ನುವ ಪ್ರೋಗ್ರಾಂ ಹಾಕಿಕೊಂಡು ಕನ್ನಡ ಟೈಪ್ ಮಾಡುತ್ತೀರಲ್ಲ, ಅದೂ ಡಿ-ಬಸ್ ಮೂಲಕವೇ ಮಾತಾಡುತ್ತದೆ.

ಈಗ ಕಕ್ಕಡದಲ್ಲಿ, ಅಂದರೆ ಕೊಡವರ ಮಳೆಗಾಲದ ತಿಂಗಳಲ್ಲಿ, ನಡೆದ ಒಂದು ಸಂಗತಿ ಹೇಳುತ್ತೇನೆ.

ಕಕ್ಕಡ 18ಕ್ಕೆ, ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಮದ್ದು ಪಾಯಸಕ್ಕೆ ಬಾ ಅಂತ ಭಾಗಮಂಡಲದ ಕಡೆಯ ಒಬ್ಬರು ಹಿರಿಯರು ಕರೆದಿದ್ದರು. ನಾನು ಹಿಂದಿನ ರಾತ್ರಿಯೇ ಹೋಗಿ ಉಳಿದೆ. ಕಾಫಿ ತೋಟ ಇಟ್ಟವರು. ಅವರ ತಂದೆಯ ಕಾಲದಿಂದಲೂ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಎಂಟಕ್ಕೆ ಎಷ್ಟು ಇಂಚು, ಎಷ್ಟು ಸೆಂಟ್ ಅಂತ ಬರೆಯುತ್ತಾರೆ. ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. 2018ರ ಆಗಸ್ಟ್ ಮಳೆ ಕಂಡ ಮೇಲೆ ಆ ಪುಸ್ತಕವನ್ನು ಇನ್ನೂ ಜೋಪಾನ ಮಾಡುತ್ತಾರೆ. ಒಂದು ದಿನವೂ ಖಾಲಿ ಬಿಡುವುದಿಲ್ಲ.

ಹಿಂದಿನ ವಾರ ಸಿಲ್ವರ್ ಓಕ್ ಕೊಂಬೆ ಬಿದ್ದು ಹಳೆಯ ಮಳೆ ಮಾಪಕ ಜಜ್ಜಿಹೋಗಿತ್ತು. ಉಳಿದದ್ದು ಅವರ ಅಣ್ಣನ ಮಗ ಮಾಡಿಕೊಟ್ಟಿದ್ದ ಹೊಸದು. ಅದರೊಳಗೆ ಒಂದು ಪುಟ್ಟ ತೊಟ್ಟಿ. 0.2 ಮಿಲಿಮೀಟರ್ ಮಳೆ ಬಿದ್ದಾಗೊಮ್ಮೆ ಅದು ಮಗುಚುತ್ತದೆ. ಪಕ್ಕದ ಸಣ್ಣ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಕೂತು ಎಷ್ಟು ಸಲ ಮಗುಚಿತು ಅಂತ ಎಣಿಸುತ್ತದೆ. ಬೆಳಿಗ್ಗೆ ಎಂಟಕ್ಕೆ ಆ ಎಣಿಕೆಯನ್ನು ಪೆನ್ ಡ್ರೈವ್‌ಗೆ ಬರೆದು, ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ.

ಏಳು ಗಂಟೆಗೆ ನಾನು ಕಾಫಿ ಕುಡಿಯುತ್ತಿದ್ದೆ. ಒಳಗಿನಿಂದ ಕೂಗಿದರು. ಪೆನ್ ಡ್ರೈವ್ ಥಂಡಿ ಹಿಡಿದು ಕೆಟ್ಟಿತ್ತು. ಬರೆಯಲು ಆಗುತ್ತಿಲ್ಲ ಅಂತ ಪರದೆ ಮೇಲೆ ಬಂದಿತ್ತು. ಅವರ ಬೆರಳು ಆಗಲೇ ಸ್ವಿಚ್ಚಿನ ಮೇಲೆ.

'ಅಣ್ಣ, ಬೇಡ! ಕೈ ತೆಗೀರಿ' ಅಂದೆ.

'ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತಲ್ಲ?'

'ಸರಿಯಾದರೂ ಆಗಬಹುದು. ರಾತ್ರಿಯ ಮಳೆ ಹೋಗುತ್ತದೆ.'

ಅವರು ಸ್ವಿಚ್ಚಿನಿಂದ ಬೆರಳು ತೆಗೆದರು. ಪ್ರೋಗ್ರಾಂ ಬರೆದ ಹುಡುಗನನ್ನು, ಅಂದರೆ ಆ ಅಣ್ಣನ ಮಗನನ್ನು, ಕೇಳೋಣ ಅಂದರೆ ಅವನು ಮೈಸೂರಿನಲ್ಲಿ, ಆ ಮಳೆಯಲ್ಲಿ ಫೋನು ಸತ್ತಿತ್ತು. ಹಾಗಾದರೆ ಪ್ರೋಗ್ರಾಮನ್ನೇ ಕೇಳೋಣ ಅಂದೆ.

ದಯವಿಟ್ಟು ಪೆನ್ನು ತೆಗೆದುಕೊಳ್ಳಿ. ಟರ್ಮಿನಲ್ ಅನ್ನುವ, ಅಕ್ಷರದಲ್ಲೇ ಆಜ್ಞೆ ಕೊಡುವ ಕಿಟಕಿಯಲ್ಲಿ ಹೊಡೆಯಬೇಕಾದ ಕಮಾಂಡಿನ ಹೆಸರು ಬಸ್‌ಸಿಟಿಎಲ್. ಬಿ, ಯು, ಎಸ್, ಸಿ, ಟಿ, ಎಲ್. ಲಿನಕ್ಸ್‌ನಲ್ಲೇ ಒಂದು ಬಗೆಯಾದ ಉಬುಂಟು ಹಾಕಿದವರಿಗೆ ಇದು ಆಗಲೇ ಇರುತ್ತದೆ. ಅದರ ಮುಂದೆ 'ಲಿಸ್ಟ್' ಅಂದರೆ ಬಸ್ಸಿನಲ್ಲಿ ಯಾರ್ಯಾರು ಇದ್ದಾರೆ ಅಂತ ಪಟ್ಟಿ ಬರುತ್ತದೆ. ನಾನು ಅದನ್ನು ಹೊಡೆದೆ. ಪಟ್ಟಿಯ ನಡುವೆ ಮಳೆಯ ಹೆಸರಿನದೊಂದು ಇತ್ತು. ಹುಡುಗ ಜಾಣ, ತನ್ನ ಪ್ರೋಗ್ರಾಮನ್ನು ಬಸ್ಸು ಹತ್ತಿಸಿ ಇಟ್ಟಿದ್ದ. ಆಮೇಲೆ 'ಟ್ರೀ' ಅಂದೆ, ಅದರೊಳಗೆ ಏನೇನಿದೆ ಅಂತ ತೋರಿಸಿತು. ಕೊನೆಗೆ 'ಇಂಟ್ರೋಸ್ಪೆಕ್ಟ್' ಅಂದೆ. ನನ್ನನ್ನು ಏನೇನು ಕೇಳಬಹುದು, ಏನೇನು ಬದಲಾಯಿಸಬಹುದು ಅಂತ ಪ್ರೋಗ್ರಾಮೇ ಸಾಲಾಗಿ ಹೇಳಿತು. ಹುಡುಗ ಒಂದು ಪುಟ ವಿವರಣೆಯನ್ನೂ ಬರೆದಿಟ್ಟಿರಲಿಲ್ಲ. ಬೇಕಾಗಲೂ ಇಲ್ಲ.

ಒಂದು ಸಾಲಿನಲ್ಲಿ 'ಕೌಂಟ್' ಅಂತ ಇತ್ತು. ಎದುರಿಗೆ 612.

612ನ್ನು 0.2ರಿಂದ ಗುಣಿಸಿ, 122.4 ಮಿಲಿಮೀಟರ್. 25.4ರಿಂದ ಭಾಗಿಸಿ, 4 ಇಂಚು 82 ಸೆಂಟ್. ಅಣ್ಣ ಪೆನ್ಸಿಲಿನಲ್ಲಿ ಲೆಕ್ಕ ಹಾಕಿ ನನ್ನ ಮುಖ ನೋಡಿದರು. ಮತ್ತೊಮ್ಮೆ ಕೇಳಿದೆ. 613. ಸ್ವಲ್ಪ ಬಿಟ್ಟು ಕೇಳಿದೆ. 614. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಒಳಗೆ ಅದೇ ಮಳೆ ಎಣಿಕೆಯಾಗುತ್ತಿತ್ತು. ಅದನ್ನು ನಿಲ್ಲಿಸಬೇಕು ಅಂತ ಯಾರಿಗೆ ಮನಸ್ಸು ಬರುತ್ತದೆ ಹೇಳಿ.

ಇನ್ನೊಂದು ಸಾಲಿನಲ್ಲಿ ಫೈಲು ಎಲ್ಲಿಗೆ ಬರೆಯಬೇಕು ಅನ್ನುವ ದಾರಿ ಇತ್ತು. ಅದರ ಕೊನೆಯಲ್ಲಿ 'ರೈಟಬಲ್' ಅಂತ ಬರೆದಿತ್ತು. ಅಂದರೆ ಹೊರಗಿನಿಂದ ಬದಲಾಯಿಸಬಹುದು. 'ಸೆಟ್-ಪ್ರಾಪರ್ಟಿ' ಅಂತ ಒಂದೇ ಕಮಾಂಡು. ಪೆನ್ ಡ್ರೈವ್ ಬದಲು ಕಂಪ್ಯೂಟರಿನ ಒಳಗೇ ಬರೆ ಅಂತ ಹೇಳಿದೆ. ಎಣಿಕೆ ಒಂದು ಕ್ಷಣವೂ ನಿಲ್ಲಲಿಲ್ಲ. ಎಂಟು ಗಂಟೆಗೆ ಫೈಲು ಬಂತು. 640 ಸಲ. 5 ಇಂಚು 4 ಸೆಂಟ್. ಅಣ್ಣ ಪುಸ್ತಕ ತೆಗೆದು, ಕನ್ನಡಕ ಹಾಕಿಕೊಂಡು, ಆ ದಿನದ ಸಾಲಿನಲ್ಲಿ ಇಂಕಿನಲ್ಲಿ ಬರೆದರು. ಆಮೇಲೆ ಪಾಯಸಕ್ಕೆ ಕೂತೆವು.

ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಪ್ರೋಗ್ರಾಮನ್ನು ಕೇಳಬಹುದಾದ ಅಥವಾ ಬದಲಾಯಿಸಬಹುದಾದ ವಿಷಯಕ್ಕೆ ಪ್ರಾಪರ್ಟಿ ಅನ್ನುತ್ತಾರೆ. ಮಾಡು ಅಂತ ಹೇಳುವ ಕೆಲಸಕ್ಕೆ ಮೆಥಡ್. ಇನ್ನೊಂದು ಇದೆ, ಸಿಗ್ನಲ್. ನೀವು ಹತ್ತು ಸಲ ಕೇಳಬೇಕಾಗಿಲ್ಲ, ಏನಾದರೂ ಬದಲಾದಾಗ ಪ್ರೋಗ್ರಾಮೇ ಕೂಗಿ ಹೇಳುತ್ತದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪಿನ ಮೂಲೆಯಲ್ಲಿ ಬ್ಯಾಟರಿ ಗುರುತು ತಾನಾಗಿ ಬದಲಾಗುವುದು ಹೀಗೆಯೇ. ಇದರ ಬಗ್ಗೆಯೇ ಅರ್ಧ ಗಂಟೆ ಮಾತಾಡಬಹುದಿತ್ತು.

ಲ್ಯಾಬ್ ಮೇಷ್ಟ್ರುಗಳಿಗೆ ಒಂದು ಮಾತು. ಕಂಪ್ಯೂಟರಿನ ಹೆಸರು ಬದಲಾಯಿಸಲು ಹೋಸ್ಟ್‌ನೇಮ್‌ಸಿಟಿಎಲ್ ಇದೆ. ಗಡಿಯಾರದ ವಲಯ ಸರಿ ಮಾಡಲು ಟೈಮ್‌ಡೇಟ್‌ಸಿಟಿಎಲ್ ಇದೆ. ಎರಡೂ ಒಳಗೊಳಗೆ ಡಿ-ಬಸ್ಸಿನಲ್ಲೇ ಚೀಟಿ ಕಳಿಸುತ್ತವೆ. ಇದಕ್ಕೆಲ್ಲ ಇಡೀ ಲ್ಯಾಬ್ ರೀಸ್ಟಾರ್ಟ್ ಮಾಡಿ ಮಕ್ಕಳನ್ನು ಕಾಯಿಸಬೇಡಿ. ಯಾರು ಬೇಕಾದರೂ ಬದಲಾಯಿಸಿಬಿಟ್ಟರೆ ಅನ್ನುವ ಭಯ ಬೇಡ. ಇಂಥ ಸೆಟ್ಟಿಂಗ್ ಮುಟ್ಟಿದರೆ ಅದು ಪಾಸ್‌ವರ್ಡ್ ಕೇಳುತ್ತದೆ.

ಪ್ರೋಗ್ರಾಂ ಬರೆಯುವ ಮಕ್ಕಳೇ, ಆ ಮೈಸೂರಿನ ಹುಡುಗನ ಹಾಗೆ ಮಾಡಿ. ನಿಮ್ಮ ಪ್ರೋಗ್ರಾಮನ್ನು ಬಸ್ಸು ಹತ್ತಿಸಿ. ನೀವು ಫೋನಿಗೆ ಸಿಗದ ದಿನ ಅದು ನಿಮ್ಮ ಪರವಾಗಿ ಉತ್ತರ ಕೊಡಲಿ.

ಇವತ್ತು ರಾತ್ರಿ ಊಟ ಆದ ಮೇಲೆ ಒಂದು ಕೆಲಸ ಮಾಡಿ. ಮನೆಯಲ್ಲಿ ಲಿನಕ್ಸ್ ಲ್ಯಾಪ್‌ಟಾಪ್ ಇದ್ದರೆ ಟರ್ಮಿನಲ್ ತೆರೆದು ಯುಪವರ್, ಒಂದು ಸ್ಪೇಸ್, ಮೈನಸ್, ಡಿ ಅಂತ ಹೊಡೆಯಿರಿ. ಬ್ಯಾಟರಿ ಎಷ್ಟು ಪರ್ಸೆಂಟ್ ಇದೆ, ಯಾವ ಸ್ಥಿತಿಯಲ್ಲಿದೆ ಅಂತ ಅದೇ ಹೇಳುತ್ತದೆ. ಆ ಉತ್ತರವೂ ಬಸ್ಸಿನಲ್ಲೇ ಬರುವುದು. ಚಾರ್ಜ್ ಆಗುತ್ತಿರುವಾಗಲೇ ಒಮ್ಮೆ ನೋಡಿ, ಪ್ಲಗ್ ಕಿತ್ತು ಮತ್ತೆ ಅದನ್ನೇ ಹೊಡೆಯಿರಿ. ಮೊದಲು 'ಚಾರ್ಜಿಂಗ್' ಅಂತ ಇದ್ದ ಜಾಗದಲ್ಲಿ 'ಡಿಸ್‌ಚಾರ್ಜಿಂಗ್' ಅಂತ ಬಂದಿರುತ್ತದೆ.

ನಮಸ್ಕಾರ.