ತಲೆ ಬದಲಾಯಿತು, ಕುದುರೆ ಉಳಿಯಿತು

[ತೆರೆಯ ಮೇಲೆ: ಕುದುರೆ ಸವಾರನ ಹಳೆಯ ಮುದ್ರಿತ ಚಿತ್ರ. ತಲೆಯ ಜಾಗ ಖಾಲಿ.]

ಈ ಚಿತ್ರವನ್ನೊಮ್ಮೆ ಸರಿಯಾಗಿ ನೋಡಿ. ಮೈಮೇಲೆ ಕವಚ, ಕೈಯಲ್ಲಿ ದಂಡ, ಕೆಳಗೆ ಮೈತುಂಬಿದ ಕುದುರೆ. ಸವಾರನಿಗೆ ತಲೆಯೇ ಇಲ್ಲ. ಆದರೂ ಇವನು ಯಾರೋ ದೊರೆ ಅಂತ ನಿಮಗೆ ಆಗಲೇ ಅನ್ನಿಸಿಬಿಟ್ಟಿದೆ, ಅಲ್ವಾ?

ಈ ಭಂಗಿಯ ಮೂಲ 1633ರಲ್ಲಿ ವ್ಯಾನ್ ಡೈಕ್ ಬರೆದ ವರ್ಣಚಿತ್ರ. ಅದರಲ್ಲಿ ಕುದುರೆಯೇರಿದ ಇಂಗ್ಲೆಂಡಿನ ರಾಜ 1ನೇ ಚಾರ್ಲ್ಸ್ ಗಿಡ್ಡ ಆಳು. ಚಿತ್ರದ ಎತ್ತರ ಮಾತ್ರ ಸುಮಾರು 12 ಅಡಿ! ಎದುರು ನಿಂತವರು ಕತ್ತೆತ್ತಿಯೇ ನೋಡಬೇಕು. ಅಷ್ಟು ದೊಡ್ಡ ಕುದುರೆಯನ್ನು ಒಂದೇ ಕೈಯ ಲಗಾಮಿನಲ್ಲಿ ನಡೆಸುವವನು ರಾಜ್ಯವನ್ನೂ ನಡೆಸಬಲ್ಲ ಅನ್ನೋದು ಅದರ ಮಾತು.

ಆದರೆ ಅರಮನೆಯ ಗೋಡೆಯ ಚಿತ್ರವನ್ನು ಎಷ್ಟು ಜನ ನೋಡಿಯಾರು? ಕಾಗದದ ಮೇಲೆ ಅಚ್ಚಾದದ್ದು ಊರೂರಿಗೆ ಹೋಗುತ್ತದೆ. ಜರ್ಮನಿಯಲ್ಲಿ ಇದನ್ನು ಬಹಳ ಮೊದಲೇ ಅರಿತಿದ್ದರು. 1508ರಲ್ಲಿ ಬುರ್ಕ್‌ಮೈರ್ ಎಂಬ ಕಲಾವಿದ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ನ ಅಶ್ವಾರೂಢ ಚಿತ್ರವನ್ನು ಮರದಚ್ಚಿಗಾಗಿ ಬರೆದು ಕೊಟ್ಟ. ಕೆಲವು ಪ್ರತಿಗಳಿಗೆ ಚಿನ್ನದ ಬಣ್ಣವನ್ನೂ ಹಚ್ಚಿದರು.

[ತೆರೆಯ ಮೇಲೆ: ಅದೇ ಸವಾರ, ಈಗ ಕ್ರಾಮ್‌ವೆಲ್‌ನ ಮುಖ.]

ಈಗ ನಮ್ಮ ಸವಾರನ ಹತ್ತಿರ ಬನ್ನಿ. ಸುಮಾರು 1655. ಪಿಯೆರ್ ಲೊಂಬಾರ್ ಎಂಬ ಫ್ರೆಂಚ್ ಕೆತ್ತನೆಗಾರ ವ್ಯಾನ್ ಡೈಕ್‌ನ ಆ ಭಂಗಿಯನ್ನು ತಾಮ್ರದ ತಗಡಿಗೆ ಇಳಿಸಿದ. ಅಷ್ಟರಲ್ಲಿ ಚಾರ್ಲ್ಸ್‌ನ ಶಿರಚ್ಛೇದವಾಗಿ ಆರು ವರ್ಷ ಕಳೆದಿತ್ತು. ಆ ಮರಣದಂಡನೆಗೆ ಸಹಿ ಹಾಕಿದವರಲ್ಲಿ ಒಬ್ಬನಾದ ಆಲಿವರ್ ಕ್ರಾಮ್‌ವೆಲ್ ಆಳುತ್ತಿದ್ದ. ಮುಂದೆ 1657ರಲ್ಲಿ ಕಿರೀಟವೇ ಮನೆ ಬಾಗಿಲಿಗೆ ಬಂದಾಗ ಒಲ್ಲೆ ಅಂದವನು ಇವನು. ಕುದುರೆ ಮಾತ್ರ ರಾಜನದೇ!

ತಾಮ್ರದಲ್ಲಿ ತಿದ್ದುಪಡಿ ಸಾಧ್ಯ. ಗೆರೆಗಳನ್ನು ಕೆರೆದು, ಹಿಂಬದಿಯಿಂದ ಮೆಲ್ಲಗೆ ಬಡಿದು, ಉಜ್ಜಿ ನುಣುಪು ಮಾಡಿದರೆ ಆ ಜಾಗದಲ್ಲಿ ಹೊಸದಾಗಿ ಕೊರೆಯಬಹುದು. ಕುದುರೆಯ ಕೇಸರ, ಕವಚ, ಸಾವಿರಾರು ಗೆರೆಗಳು ಹಾಗೇ ಇರುತ್ತವೆ. ಬದಲಾಗಬೇಕಾದದ್ದು ಅಂಗೈಗಿಂತ ಚಿಕ್ಕ ಜಾಗ. ನನ್ನನ್ನು ಹಿಡಿದು ನಿಲ್ಲಿಸೋದು ಇದೇ: ಮುಖ ಅಲ್ಲಿ ತುಂಬಿಸಬೇಕಾದ ಖಾಲಿ ಜಾಗ ಅಷ್ಟೇ, ದೊರೆತನವೆಲ್ಲ ಕುದುರೆಯ ಬೆನ್ನ ಮೇಲಿದೆ.

ಇದೇ ತಗಡಿನಿಂದ ಬಂದ ಒಂದು ಪ್ರತಿಯಲ್ಲಿ ಫ್ರಾನ್ಸಿನ 14ನೇ ಲೂಯಿಯ ಮುಖವಿದೆ. ಇನ್ನೊಂದರಲ್ಲಿ...

[ತೆರೆಯ ಮೇಲೆ: ಅದೇ ಸವಾರ, ಚಾರ್ಲ್ಸ್‌ನ ಮುಖ. ನಿಧಾನವಾಗಿ ಹತ್ತಿರಕ್ಕೆ.]

...ಚಾರ್ಲ್ಸ್. 1649ರಲ್ಲಿ ತಲೆ ಕಳೆದುಕೊಂಡ ದೊರೆ, ಕ್ರಾಮ್‌ವೆಲ್ ತೊಟ್ಟಿದ್ದ ಅದೇ ಕವಚದೊಳಗೆ, ತನ್ನದೇ ಭಂಗಿಯಲ್ಲಿ ಮತ್ತೆ ಕೂತಿದ್ದಾನೆ.