ಕೊಪ್ಪರಿಗೆಯ ಮೇಲೂ ಕೆಳಗೂ ಸಕ್ಕರೆ

ಕೇಳುಗರಿಗೆ ನಮಸ್ಕಾರ.

ಮಂಡ್ಯದ ಕಡೆಯ ಆಲೆಮನೆಗೆ ಹೋದವರು ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ನೋಡುತ್ತಾ ನಿಲ್ಲುತ್ತಾರೆ. ಅದರ ಕೆಳಗೆ ಉರಿಯುವ ಕಬ್ಬಿನ ಸಿಪ್ಪೆಯ ಕಡೆ ಕಣ್ಣು ಹೋಗುವುದು ಅಪರೂಪ. ಆದರೆ ಮೇಲೆ ಕುದಿಯುವುದರಲ್ಲೂ ಕೆಳಗೆ ಉರಿಯುವುದರಲ್ಲೂ ಗ್ಲೂಕೋಸ್ ಇದೆ. ಅದು ಯಾರ ಕೈ ಹಿಡಿದಿದೆ, ಹೇಗೆ ಹಿಡಿದಿದೆ ಎನ್ನುವುದಷ್ಟೇ ವ್ಯತ್ಯಾಸ.

ಕಬ್ಬಿನ ಹಾಲಿನ ಸಿಹಿಗೆ ಮುಖ್ಯ ಕಾರಣ ಸುಕ್ರೋಸ್. ಒಂದು ಗ್ಲೂಕೋಸ್ ಅಣುವೂ ಒಂದು ಫ್ರಕ್ಟೋಸ್ ಅಣುವೂ ಕೂಡಿದರೆ ಸುಕ್ರೋಸ್. ಗ್ಲೂಕೋಸಿನ ಅಣುತೂಕ 180, ಫ್ರಕ್ಟೋಸಿನದೂ 180. ಕೂಡಿದರೆ 360 ಆಗಬೇಕಿತ್ತು. ಸುಕ್ರೋಸ್ ತೂಗುವುದು 342. ಕಳೆದುಹೋದ 18 ನೀರಿನ ತೂಕ. ಅಣುಗಳು ಬೆಸೆಯುವಾಗ ಒಂದು ನೀರಿನ ಅಣು ಹೊರಬೀಳುತ್ತದೆ, ಹಿಂದೆ ಉಳಿದ ಆಮ್ಲಜನಕದ ಪರಮಾಣು ಎರಡನ್ನೂ ಸೇರಿಸಿ ಹಿಡಿಯುತ್ತದೆ. ಇದೇ ಗ್ಲೈಕೋಸೈಡಿಕ್ ಬಂಧ.

ನೀರು ಮರಳಿ ಸೇರಿದರೆ ಬಂಧ ಬಿಡುತ್ತದೆ. ಕಡಿದ ಕಬ್ಬನ್ನು ಅರೆಯದೆ ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ, ಒಳಗಿನ ಕಿಣ್ವ ಮತ್ತು ಹುಳಿ ಸೇರಿ ಈ ಕೆಲಸ ಶುರುಮಾಡುತ್ತವೆ. ಬಿಡಿಯಾದ ಗ್ಲೂಕೋಸ್, ಫ್ರಕ್ಟೋಸ್ ಹೆಚ್ಚಾದ ಪಾಕ ಸರಿಯಾಗಿ ಹರಳುಗಟ್ಟುವುದಿಲ್ಲ. ಬೆಲ್ಲ ಅಚ್ಚಿನಲ್ಲಿ ನಿಲ್ಲದೆ ಅಂಟಂಟಾಗುತ್ತದೆ, ಮಳೆಗಾಲದಲ್ಲಿ ತೇವ ಹೀರಿ ಜಿನುಗುತ್ತದೆ. ಹಾಲಿಗೆ ಸುಣ್ಣದ ತಿಳಿ ಹಾಕುವುದಕ್ಕೆ ಇದೂ ಒಂದು ಕಾರಣ: ಹುಳಿ ತಗ್ಗಿದಷ್ಟೂ ಬಂಧ ಉಳಿಯುತ್ತದೆ. ಸುಣ್ಣ ಅತಿಯಾದರೆ ಬೆಲ್ಲ ಕಪ್ಪಾಗುವುದರಿಂದ ಹಾಕುವವರ ಕೈ ಪಳಗಿರಬೇಕು.

ಇನ್ನು ಸಿಪ್ಪೆ. ಅದರ ನಾರಿನಲ್ಲಿ ಹೇರಳವಾಗಿರುವ ಸೆಲ್ಯುಲೋಸ್ ಸಾವಿರಾರು ಗ್ಲೂಕೋಸ್ ಅಣುಗಳ ಸರಪಳಿ. ಅನ್ನದ ಪಿಷ್ಟವೂ ಗ್ಲೂಕೋಸಿನದೇ. ಪಿಷ್ಟದ ಬಂಧ ಒಂದು ದಿಕ್ಕಿಗಿದ್ದು ಸರಪಳಿ ಸುರುಳಿಯಾಗುತ್ತದೆ. ಅನ್ನವನ್ನು ಬಹಳ ಹೊತ್ತು ಅಗಿದರೆ ಎಂಜಲಿನ ಕಿಣ್ವ ಅದನ್ನು ತುಂಡರಿಸಿ ಬಾಯಿ ಸಿಹಿಯಾಗುತ್ತದೆ. ಸೆಲ್ಯುಲೋಸಿನಲ್ಲಿ ಬಂಧ ಇನ್ನೊಂದು ದಿಕ್ಕಿನದು. ಒಂದು ಬಿಟ್ಟು ಒಂದು ಗ್ಲೂಕೋಸ್ ಮಗುಚಿ ಕೂರುವುದರಿಂದ ಸರಪಳಿ ನೇರವಾಗಿ ಚಾಚಿ, ಪಕ್ಕದ ಸರಪಳಿಗಳಿಗೆ ಒತ್ತಿ ಅಂಟಿಕೊಳ್ಳುತ್ತದೆ. ಎಷ್ಟು ಅಗಿದರೂ ಸಿಪ್ಪೆಯ ನಾರು ಸಿಹಿಯಾಗದು, ಏಕೆಂದರೆ ಆ ಬಂಧ ಕತ್ತರಿಸುವ ಕಿಣ್ವ ನಮ್ಮಲ್ಲಿಲ್ಲ.

ಕಬ್ಬಿನ ಸೋಗೆ ಮೇಯುವ ಹಸುವಿಗೂ ಆ ಕಿಣ್ವ ಸ್ವಂತದ್ದಾಗಿ ಇಲ್ಲ. ಅದರ ಹೊಟ್ಟೆಯ ದೊಡ್ಡ ಚೀಲದಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಬಂಧ ಬಿಡಿಸುತ್ತವೆ. ಆದರೆ ಸಿಕ್ಕ ಗ್ಲೂಕೋಸನ್ನು ಅವೇ ಹುದುಗಿಸಿ ಮುಗಿಸುತ್ತವೆ. ಹಸುವಿಗೆ ದಕ್ಕುವುದು ಅವು ಬಿಟ್ಟುಕೊಟ್ಟ ಆಮ್ಲಗಳು.

ನಮಸ್ಕಾರ.