ಹುಬ್ಬು ಮೇಲೆತ್ತಿ ನೋಡೋಣ

ಕೇಳುಗರೇ, ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಲಕ್ವ ಹೊಡೆದವರ, ತಲೆಗೆ ಪೆಟ್ಟಾದವರ ಮನೆಯವರು ಕೈಕಾಲಿನ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಮುಖದ ಬಗ್ಗೆ ಕೇಳುವವರು ಕಡಿಮೆ. ಊಟ, ಮಾತು, ಎದುರಿಗೆ ಬಂದವರನ್ನು ಕಂಡು ನಗುವುದು, ಎಲ್ಲಾ ಮುಖದಿಂದಲೇ ಅಲ್ವಾ?

ಸೊಟ್ಟಗಾದ ಮುಖ ಕಂಡಾಗ ನಾವು ಮೊದಲು ಹೇಳುವುದು, "ಹುಬ್ಬು ಮೇಲೆತ್ತಿ" ಅಂತ. ಹಣೆಯ ಎರಡೂ ಕಡೆ ಗೆರೆ ಮೂಡಿ, ಬಾಯಿ ಮಾತ್ರ ಒಂದು ಕಡೆ ಜೋತುಬಿದ್ದಿದ್ದರೆ, ತೊಂದರೆ ಹೆಚ್ಚಾಗಿ ಮಿದುಳಿನದು. ಹಣೆಗೆ ಮಿದುಳಿನ ಎಡ, ಬಲ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ. ಒಂದು ಕಡೆ ಕೆಟ್ಟರೂ ಇನ್ನೊಂದು ನಿಭಾಯಿಸುತ್ತದೆ. ಹಣೆಯೂ ಸಪಾಟಾಗಿ ಕಣ್ಣೂ ಮುಚ್ಚದಿದ್ದರೆ, ಮುಖದ ನರಕ್ಕೇ ಏಟು ಬಿದ್ದಿರಬಹುದು. ಬೈಕಿನಿಂದ ಬಿದ್ದು ಕಿವಿಯ ಸುತ್ತಲಿನ ಮೂಳೆ ಬಿರುಕು ಬಿಟ್ಟಾಗ ಹೀಗಾಗುತ್ತದೆ. ಆದರೆ ಇದನ್ನು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಕೆಲವು ಸ್ಟ್ರೋಕ್‌ಗಳಲ್ಲೂ, ಅಂದರೆ ಲಕ್ವದಲ್ಲೂ, ಹಣೆ ಸೋಲುತ್ತದೆ. ಬಾಯಿ ಇದ್ದಕ್ಕಿದ್ದಂತೆ ಸೊಟ್ಟಗಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ, ತೊಂದರೆ ಶುರುವಾದಾಗಿನಿಂದ ಸಾಮಾನ್ಯವಾಗಿ ಸಿಗುವುದು ನಾಲ್ಕೂವರೆ ಗಂಟೆ ಅಷ್ಟೇ.

ತಲೆಗೆ ಪೆಟ್ಟಾದಾಗ ಇನ್ನೊಂದು ಮಾತು ಮುಖ್ಯ. ಪೆಟ್ಟು ಬಿದ್ದ ಕೂಡಲೇ ಮುಖ ಸೊಟ್ಟಗಾಯಿತೋ, ಎರಡು ಮೂರು ದಿನ ಬಿಟ್ಟೋ? ತಡವಾಗಿ ಆಗಿದ್ದರೆ ನರ ಊದಿಕೊಂಡಿರುವುದೇ ಜಾಸ್ತಿ, ಚೇತರಿಸಿಕೊಳ್ಳುವ ಭರವಸೆ ಚೆನ್ನಾಗಿರುತ್ತದೆ. ಪೆಟ್ಟಾದ ಕೂಡಲೇ ಆಗಿದ್ದರೆ ನರ ಹರಿದಿರಬಹುದು. ಐಸಿಯುನಲ್ಲಿ ಬಾಯಿಗೆ ಟ್ಯೂಬು, ಕೆನ್ನೆಗೆ ಪ್ಲಾಸ್ಟರು ಇರುವಾಗ ಇದು ಕಣ್ಣಿಗೆ ಬೀಳುವುದೇ ಕಷ್ಟ. ಹಾಗಾಗಿ ಮೊದಲ ದಿನ ನೀವು ಕಂಡದ್ದನ್ನು ಡಾಕ್ಟರಿಗೆ ಹೇಳಿ. ಮೊಬೈಲಿನಲ್ಲಿರುವ ಹಳೇ ಫೋಟೋನೂ ತೋರಿಸಿ. ಮುಂಚೆ ಮುಖ ಹೇಗಿತ್ತು ಅಂತ ನಮಗೂ ಗೊತ್ತಾಗಬೇಕು.

ಮುಚ್ಚದ ಕಣ್ಣು ಒಣಗಿದರೆ ಪಾಪೆಯ ಮೇಲೆ ಹುಣ್ಣಾಗಬಹುದು. ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪು, ಡಾಕ್ಟರು ಹೇಳಿದಂತೆ ತಪ್ಪದೆ ಮಾಡಿ. ನುಂಗಲು ಬರುತ್ತದೆಯೇ ಎಂದು ಪರೀಕ್ಷೆ ಆಗುವವರೆಗೆ ನೀರನ್ನೂ ಕುಡಿಸಬೇಡಿ. ಊಟ ಶುರುವಾದ ಮೇಲೆ ಸೋತ ಕೆನ್ನೆಯೊಳಗೆ ಅನ್ನದ ಅಗುಳು ಉಳಿದಿದೆಯಾ ನೋಡಿ, ಬಾಯಿ ಸ್ವಚ್ಛ ಮಾಡಿ.

ಇನ್ನು ವ್ಯಾಯಾಮ. "ಬಲೂನು ಊದಿಸಿ, ಜೋರಾಗಿ ಚ್ಯೂಯಿಂಗ್ ಗಮ್ ಅಗಿಸಿ" ಅಂತ ಸಲಹೆ ಕೊಡುವವರು ಬೇಕಾದಷ್ಟು ಜನ. ನರಕ್ಕೆ ಪೆಟ್ಟಾದವರಿಗೆ ಇದು ಬೇಡವೇ ಬೇಡ. ಮತ್ತೆ ಬೆಳೆಯುವ ನರದ ಎಳೆಗಳು ದಾರಿ ತಪ್ಪಿ ಬೇರೆ ಸ್ನಾಯುವಿಗೆ ಸೇರಿಕೊಳ್ಳಬಹುದು. ಆಮೇಲೆ ನಕ್ಕರೆ ಕಣ್ಣು ಮುಚ್ಚುತ್ತದೆ. ಅದಕ್ಕೇ ಕನ್ನಡಿ ಮುಂದೆ, ನಿಧಾನವಾಗಿ, ಚಿಕ್ಕದಾಗಿ. ಹಲ್ಲು ಕಾಣುವಷ್ಟು ಬೇಡ, ತುಟಿಯ ತುದಿ ಒಂದು ಕೂದಲೆಳೆ ಎದ್ದರೆ ಸಾಕು. ಗಟ್ಟಿ ಇರುವ ಕೆನ್ನೆ ಎಳೆಯದಂತೆ ಬೆರಳಿಟ್ಟು ಹಿಡಿಯಿರಿ.

ಸ್ಟ್ರೋಕ್ ಆದ ಒಬ್ಬರು ಅಜ್ಜಿ ಇದ್ದರು. "ನಗಿ ಅಜ್ಜಿ" ಅಂದರೆ ಬಲತುಟಿ ಅಲುಗಾಡುತ್ತಿರಲಿಲ್ಲ. ಒಂದು ಸಂಜೆ ಮೊಮ್ಮಗ ಅವರ ಕನ್ನಡಕ ಮೂಗಿಗೇರಿಸಿಕೊಂಡು ಪೇಪರ್ ಓದುವಂತೆ ಕೂತ. ಅಜ್ಜಿಯ ತುಟಿಯ ಎರಡೂ ತುದಿ ಮೇಲೆದ್ದವು! ಬೇಕೆಂದು ನಗುವುದಕ್ಕೂ ತಾನಾಗಿ ಬರುವ ನಗುವಿಗೂ ಮಿದುಳಿನಲ್ಲಿ ದಾರಿ ಬೇರೆ ಬೇರೆ. "ನಕ್ಕಿದ್ದು ನನಗೇ ಗೊತ್ತಾಗ್ಲಿಲ್ಲ ಮಗಾ" ಅಂದರು ಅಜ್ಜಿ. ಮರುದಿನದಿಂದ ಕನ್ನಡಿ ಮುಂದೆ ಎರಡು ಕುರ್ಚಿ ಹಾಕಿಸಿದೆ. ನಮಸ್ಕಾರ.